ನಾಲ್ಕಿಂಚು ಎತ್ತರಿಸಿದ ಜೀಪು

ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಜೀಪಿನ ಕೆಳಗೆಲ್ಲೋ 'ಕರ್ರ್' ಎಂದಿತು. ಆ ಭಾನುವಾರದ ರಂಪಕ್ಕೆಲ್ಲ ಮೂಲ ಈ ಒಂದು ಸದ್ದು.

ಗುಮಾಸ್ತರು ಹಳೆಯ ಜೀಪೊಂದನ್ನು ಕೊಂಡು, ಕಲ್ಲುದಾರಿಯಲ್ಲೂ ಓಡಲಿ ಎಂದು ಹೋದ ತಿಂಗಳು ಅದನ್ನು ನಾಲ್ಕಿಂಚು ಎತ್ತರಿಸಿದ್ದರು. ಅಂದಿನಿಂದ ಅದು ಆಫೀಸಿನ ಟಾರು ರಸ್ತೆ ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ. ಹೆಂಡತಿಯ ತಾಳ್ಮೆ ಮುಗಿದಿತ್ತು.

"ನೋಡ್ರೀ, ಇವತ್ತು ಮೂರು ಗಂಟೆಗೆ ಅಮ್ಮನ್ನ ಗುಡ್ಡದ ಮೇಲೆ ಅಕ್ಕನ ಮನೆಗೆ ಬಿಟ್ಟು ಬಂದ್ರೆ ಜೀಪು ಇರ್ಲಿ. ಇಲ್ದಿದ್ರೆ ಗುಜರಿಯವನಿಗೆ ನಾನೇ ಫೋನ್ ಮಾಡ್ತೀನಿ."

ಗುಮಾಸ್ತರಿಗೆ ಜೀಪಿನ ಮೇಲೆ ಪ್ರಾಣ. ಸದ್ದು ಎಲ್ಲಿಂದ ಬಂತೆಂದು ತಕ್ಷಣ ಕೆಳಗೆ ತೂರಿ ನೋಡಿದರು. ಮುಂದಿನ ಚಕ್ರಕ್ಕೆ ಹೋಗುವ ಬ್ರೇಕಿನ ರಬ್ಬರ್ ಪೈಪು ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದುಕೊಂಡಿತ್ತು. ಟಯರು ತಾಗಿ ಒಂದು ಕಡೆ ಸವೆದೂ ಇತ್ತು. ಹೊರಗೆ ಬರುವಷ್ಟರಲ್ಲಿ ತಲೆಯ ಹತ್ತಿರ ನಾಲ್ಕು ಕಾಲುಗಳು ನಿಂತಿದ್ದವು. ಮೂಲೆ ಅಂಗಡಿಯ ಟೈಲರ್‌ನವು ಎರಡು, ಮಹಡಿ ಮನೆಯ ರಿಟೈರ್ಡ್ ಬಸ್ ಡ್ರೈವರ್‌ನವು ಎರಡು. ಯಾರೂ ಅವರನ್ನು ಕರೆದಿರಲಿಲ್ಲ.

"ಒಂದು ತಂತೀಲಿ ಆ ಕಡೆ ಎಳೆದು ಕಟ್ಟಿಬಿಟ್ರೆ?" ಎಂದರು ಗುಮಾಸ್ತರು.

"ಮೊದಲೇ ಬಿಗಿ ಇದೆ, ಇನ್ನೂ ಬಿಗಿ ಮಾಡ್ತೀರಾ?" ಟೈಲರ್ ನಕ್ಕ. "ಹುಡುಗ ನಾಲ್ಕಿಂಚು ಬೆಳೆದ, ಪ್ಯಾಂಟು ಮಾತ್ರ ಹಳೇದೇ. ಉದ್ದದ ಪೈಪು ಹಾಕ್ಸಿ ಗುಮಾಸ್ತ್ರೇ."

"ಸರಿಯಾಗಿ ಹೇಳ್ದ," ಎಂದ ಡ್ರೈವರ್. "ಜಾಕ್ ಹಾಕಿ ಎತ್ತಿ, ಚಕ್ರ ನೇತಾಡೋಕೆ ಬಿಡಿ. ಸ್ಟಿಯರಿಂಗ್ ಎರಡು ಕಡೆಗೂ ಪೂರ್ತಿ ತಿರುಗಿಸಿ ಅಳತೆ ತಗೊಳ್ಳಿ. ನೆಲದ ಮೇಲೆ ನಿಂತಾಗ ತಗೊಂಡ ಅಳತೆ ರಸ್ತೆ ಗುಂಡೀಲಿ ಕೈ ಕೊಡುತ್ತೆ."

ಟೈಲರ್ ಕೊರಳಿನ ಟೇಪು ತೆಗೆದು ಜೀಪಿಗೆ ಅಳತೆ ತೆಗೆದ. ಅಭ್ಯಾಸಬಲದಿಂದ ಎರಡಿಂಚು ಹೊಲಿಗೆಗೂ ಸೇರಿಸಿದ. ಭಾನುವಾರ ಬಿಡಿಭಾಗದ ಅಂಗಡಿ ಹನ್ನೆರಡಕ್ಕೇ ಬಾಗಿಲು ಹಾಕುತ್ತದೆಂದು ಗುಮಾಸ್ತರು ಓಡಿದರು, ಓಡುತ್ತಲೇ ಬಂದರು.

ಡ್ರೈವರ್ ಮುಂದಿನ ಎರಡೂ ಚಕ್ರಗಳಿಗೆ ಹೊಸ ಪೈಪು ಹಾಕಿ, ಪೈಪಿನೊಳಗೆ ಸೇರಿದ ಗಾಳಿ ತೆಗೆಯಲೆಂದು ಗುಮಾಸ್ತರ ಹೆಂಡತಿಯನ್ನು ಬ್ರೇಕ್ ತುಳಿಯಲು ಕೂರಿಸಿದ. "ಒತ್ತಿ ಹಿಡ್ಕೊಳ್ಳಮ್ಮಾ!" ಎಂದ. ಆಕೆ ಒತ್ತಿದ್ದೇ ತಡ, ಬಗ್ಗಿ ನೋಡುತ್ತಿದ್ದ ಟೈಲರ್‌ನ ಬಿಳಿ ಅಂಗಿಗೆ ಬ್ರೇಕ್ ಎಣ್ಣೆ ಚಿಮ್ಮಿತು. ಆತ ಬೈದುಕೊಂಡನೇ ಹೊರತು ಹಳೆಯ ಪೈಪುಗಳನ್ನು ಮಾತ್ರ ಬಿಡಲಿಲ್ಲ. "ತುಂಡು ಬಿಸಾಕೋ ಕೈ ಅಲ್ಲ ಇದು, ಯಾವುದಕ್ಕಾದ್ರೂ ಆಗುತ್ತೆ," ಎಂದು ಜೇಬಿಗೆ ತುರುಕಿಕೊಂಡ.

ಮೂರಕ್ಕೆ ಸರಿಯಾಗಿ ಜೀಪು ಸಜ್ಜಾಗಿ ನಿಂತಿತು. ಪೈಪು ಎಲ್ಲೂ ಬಿಗಿಯುತ್ತಿರಲಿಲ್ಲ, ಎಲ್ಲೂ ತಾಗುತ್ತಿರಲಿಲ್ಲ. ಗುಮಾಸ್ತರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅತ್ತೆ ಕೋಲೂರಿಕೊಂಡು ಬಂದರು. ಜೀಪನ್ನು ಮೇಲಿಂದ ಕೆಳಗೆ ನೋಡಿದರು. "ಅಳಿಯಂದ್ರೇ, ಇದು ಗಾಡೀನೋ ಅಟ್ಟಾನೋ?"

ಟೈಲರ್ ಅಂಗಡಿಯಿಂದ ತನ್ನ ಸ್ಟೂಲ್ ತಂದಿಟ್ಟ. ಅತ್ತೆ ಒಂದು ಕಾಲಿಟ್ಟರು. ಸ್ಟೂಲ್ ಸರ್ರನೆ ಜಾರಿತು. ಹೆಂಡತಿ ಹಿಡಿದುಕೊಳ್ಳದಿದ್ದರೆ ಆಪರೇಷನ್ ಆದ ಮೊಣಕಾಲು ಮತ್ತೆ ಆಸ್ಪತ್ರೆ ಸೇರುತ್ತಿತ್ತು.

"ರೀ, ಈಗಿಂದೀಗಲೇ ಇದನ್ನ ಇಳಿಸ್ತೀರೋ, ಫೋನ್ ಮಾಡ್ಲೋ?"

ಗುಮಾಸ್ತರು ಸ್ಪ್ಯಾನರ್ ಹಿಡಿದರು. ಎತ್ತರಕ್ಕೆಂದು ಹಾಕಿಸಿದ್ದ ಕಬ್ಬಿಣದ ತುಂಡುಗಳನ್ನು ಡ್ರೈವರ್ ಜೊತೆ ಸೇರಿ ಒಂದೊಂದಾಗಿ ಬಿಚ್ಚಿದರು. ಅತ್ತ ಟೈಲರ್ ಜಗಲಿಯ ಮೇಲೆ ಕೂತು ಸ್ಟೂಲಿಗೆ ಏನೋ ಮೊಳೆ ಹೊಡೆಯುತ್ತಿದ್ದ.

ಐದೂವರೆಗೆ ಜೀಪು ನೆಲಕ್ಕಿಳಿಯಿತು. ಅತ್ತೆ ಸ್ಟೂಲ್ ಮೇಲೆ ಕಾಲಿಟ್ಟು ಸಲೀಸಾಗಿ ಹತ್ತಿ ಕೂತರು. ಗುಮಾಸ್ತರು ದೊಡ್ಡ ಉಸಿರು ಬಿಟ್ಟು ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರು.

'ಕರ್ರ್.'

ಡ್ರೈವರ್ ಬಗ್ಗಿ ನೋಡಿದ. "ಗಾಡಿ ಕುಳ್ಳಗಾಯ್ತು, ಪೈಪು ಉದ್ದ ಉಳೀತು. ಜೋತುಬಿದ್ದು ಟಯರಿಗೆ ಉಜ್ಜುತ್ತಿದೆ. ಈ ಬ್ರೇಕ್ ನಂಬ್ಕೊಂಡು ಗುಡ್ಡ ಇಳಿಯೋಕೆ ನಾನಂತೂ ಬಿಡಲ್ಲ. ಹಳೇ ಪೈಪೇ ಹಾಕೋಣ, ಸವೆದಿದ್ರೂ ಇವತ್ತೊಂದು ದಿನ ನಿಧಾನಕ್ಕೆ ಹೋಗಬಹುದೇನೋ. ಎಲ್ಲಿ ಅವು?"

ಟೈಲರ್ ಮೆಲ್ಲಗೆ ಸ್ಟೂಲಿನ ಕಡೆ ನೋಡಿದ.

ಅಷ್ಟರಲ್ಲಿ ಅತ್ತೆ ಕೋಲು ಕೂಡ ಊರದೆ ಸ್ಟೂಲ್ ಮೇಲೆ ಇಳಿದಿದ್ದರು. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ನಾಲ್ಕೂ ಕಾಲುಗಳ ಅಡಿಯಲ್ಲಿ ಕಪ್ಪು ರಬ್ಬರಿನ ತುಂಡುಗಳು ಅಚ್ಚುಕಟ್ಟಾಗಿ ಕೂತಿದ್ದವು.

"ಎಷ್ಟು ಗಟ್ಟಿಯಾಗಿದೆ! ಮೊದಲೇ ಹೀಗೆ ಮಾಡಿ ಕೊಟ್ಟಿದ್ರೆ ಆ ಅಟ್ಟಕ್ಕೇ ಹತ್ತುತ್ತಿದ್ದೆನಲ್ಲ ಅಳಿಯಂದ್ರೇ," ಎಂದರು ಅತ್ತೆ.

ಹೆಂಡತಿ ಒಳಗಿನಿಂದ ಫೋನ್ ತಂದಳು.