ವೀರಗಲ್ಲಿನ ಹಸು ಮತ್ತು ನಲವತ್ತೇಳನೇ ನಂಬರ್ ಕ್ಯಾನು

ಕೋಲಾರ ಸೀಮೆಯ ಜನ ಯಾವ ವಸ್ತುವನ್ನೂ ಎಸೆಯುವುದಿಲ್ಲ ಎಂಬ ಸಂಗತಿ, ಎಸೆದ ವಸ್ತುಗಳಿಂದ ಶಿಲ್ಪ ಮಾಡುವ ಯೋಜನೆ ಮಂಜೂರಾದ ಮೇಲೆ ಬೆಳಕಿಗೆ ಬಂತು.

ಯೋಜನೆ ತ್ಯಾಜ್ಯ ಪರಂಪರಾ ಕೋಶದ್ದು. ವಕ್ಕಲೇರಿ ಕಡೆಯ ಬೋರೆಗುಟ್ಟಹಳ್ಳಿಯ ಕೂಡುರಸ್ತೆಯಲ್ಲಿ ಹಳೇ ಸಾಮಾನುಗಳಿಂದ ಹದಿನಾಲ್ಕು ಅಡಿ ಎತ್ತರದ ವೀರಗಲ್ಲು ನಿಲ್ಲಿಸತಕ್ಕದ್ದು. ಅದರಲ್ಲಿ ದನ ಕದಿಯಲು ಬಂದವರ ಜೊತೆ ಹೋರಾಡುವ ವೀರನೂ ಅವನು ಉಳಿಸಿದ ಒಂದು ಹಸುವೂ ಇರತಕ್ಕದ್ದು. ಇದೇ ಕಥೆಯ ಕಲ್ಲಿನ ವೀರಗಲ್ಲೊಂದು ಅದೇ ಜಾಗದಲ್ಲಿ ಎಂಟುನೂರು ವರ್ಷದಿಂದ ನಿಂತಿತ್ತು. ಹೊಸದರ ಅಡಿಪಾಯಕ್ಕೆ ಅಡ್ಡ ಬಂದದ್ದರಿಂದ ಅದನ್ನು ಚರಂಡಿಯ ಮೇಲೆ ಹಾಸಲಾಯಿತು.

ಕೋಶದ ಯೋಜನಾಧಿಕಾರಿ ಶ್ರೀಧರ್ ಅವರು ಟೆಂಪೋ ತಂದು ಒಂದು ವಾರ ಬೀದಿ ಬೀದಿ ಸುತ್ತಿದರು. ಹರಿದ ಟೈರು ಕೋಳಿಗಳಿಗೆ ನೀರಿನ ತೊಟ್ಟಿಯಾಗಿತ್ತು. ಸೀಳಿದ ಟೊಮೆಟೊ ಕ್ರೇಟಿನ ಮೇಲೆ ಮುದುಕರು ಕೂತಿದ್ದರು. ನೀರು ಬಾರದ ಬೋರ್‌ವೆಲ್ಲಿನ ಪೈಪು ಬಚ್ಚಲಿಗೆ ಕಂಬವಾಗಿತ್ತು. ವಾರದ ಕೊನೆಗೆ ಸಿಕ್ಕಿದ್ದು ಎಡಗಾಲಿನ ಒಂದು ಚಪ್ಪಲಿ. ಸಂಜೆ ಅದರ ವಾರಸುದಾರರೂ ಬಂದು, ಬಲಗಾಲಿನದನ್ನು ಗುರುತಿಗೆ ತೋರಿಸಿ, ವಾಪಸು ಪಡೆದರು.

ಕೋಶ ಸುತ್ತೋಲೆ ಹೊರಡಿಸಿತು: "ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಮನೆಯ ಹೊರಗೆ ಬೋರಲಾಗಿ ಇಟ್ಟಿರುವ ಯಾವುದೇ ವಸ್ತುವನ್ನು ಮಾಲೀಕರು ಮನಃಪೂರ್ವಕವಾಗಿ ತ್ಯಜಿಸಿದ್ದಾರೆಂದು ಭಾವಿಸತಕ್ಕದ್ದು."

ಆ ಹೊತ್ತಿನಲ್ಲಿ ಊರಿನ ಹೆಂಗಸರು ಡೈರಿಗೆ ಹಾಲು ಹಾಕಿ ಬಂದು, ಕ್ಯಾನು ತಪ್ಪಲೆ ತೊಳೆದು, ಜಗಲಿಯ ಮೇಲೆ ಬಿಸಿಲಿಗೆ ಬೋರಲು ಹಾಕಿ ಹೊಲಕ್ಕೆ ಹೋಗಿರುತ್ತಾರೆ. ಒಂದೇ ದಿನದಲ್ಲಿ ಅರವತ್ತೊಂದು ವಸ್ತುಗಳು ದೊರೆತವು. ಈ ಊರಿನ ತ್ಯಾಜ್ಯ ಬಹಳ ಶುಚಿಯಾಗಿದೆ ಎಂದು ಶ್ರೀಧರ್ ವರದಿಯಲ್ಲಿ ಮೆಚ್ಚುಗೆ ದಾಖಲಿಸಿದರು.

ವೆಲ್ಡಿಂಗ್ ಅಂಗಡಿಯ ಕದಿರೇಶ ಎರಡೇ ದಿನದಲ್ಲಿ ಎಲ್ಲವನ್ನೂ ಬೆಸೆದ. ಪಂಕ್ಚರಿಗೆಂದು ಬೋರಲು ನಿಲ್ಲಿಸಿದ್ದ ಸೈಕಲಿನ ಹ್ಯಾಂಡಲು ವೀರನ ಮೀಸೆಯಾಯಿತು. ದೊಡ್ಡಗಂಗಮ್ಮನ ದೋಸೆ ಹೆಂಚು ಗುರಾಣಿಯಾಯಿತು. ಹಸುವಿನ ಬಾಯಿಗೆ ಎಣ್ಣೆ ಸುರಿಯುವ ಆಲಿಕೆ, ಕುತ್ತಿಗೆಗೆ ಪೈಪು, ಹೊಟ್ಟೆಗೆ ಮುನಿಯಲ್ಲಮ್ಮನ ಸ್ಟೀಲ್ ಕ್ಯಾನು, ನಂಬರ್ ನಲವತ್ತೇಳು.

ಮುನಿಯಲ್ಲಮ್ಮನಿಗೆ ಇದ್ದದ್ದು ಒಂದು ಸೀಮೆಹಸು, ಒಂದು ಕ್ಯಾನು. ಸದಸ್ಯರ ನಂಬರಿರುವ ಕ್ಯಾನಿನಿಂದ ಮಾತ್ರ ಹಾಲು ಅಳೆದುಕೊಳ್ಳಬೇಕು, ಮೂರು ದಿನ ಹಾಲು ಬಾರದಿದ್ದರೆ ಸದಸ್ಯತ್ವ ರದ್ದು ಎಂದು ಡೈರಿಯ ಬೈಲಾ ಹೇಳುತ್ತದೆ. ಹಸುವಿಗೆ ಬೈಲಾ ಗೊತ್ತಿಲ್ಲ, ಅದು ಹಾಲು ಕೊಡುತ್ತಲೇ ಇತ್ತು. ಮೊದಲ ದಿನದ್ದಕ್ಕೆ ಮುನಿಯಲ್ಲಮ್ಮ ಹೆಪ್ಪು ಹಾಕಿದಳು. ಎರಡನೇ ದಿನದ್ದನ್ನು ಬೀದಿಗೆಲ್ಲ ಹಂಚಿದಳು. ಮೂರನೇ ದಿನ ಬೆಳಗ್ಗೆ ಹಾಲಿನ ಬಕೆಟ್ಟು ಹಿಡಿದು ಕೂಡುರಸ್ತೆಗೇ ಬಂದಳು.

"ಏನ್ಲಾ ಕದಿರೇಶ, ನನ್ ಕ್ಯಾನ್ ತಗೊಂಡೋಗಿ ಹಸು ಹೊಟ್ಟೆಗೆ ಇಕ್ಕಿದ್ದೀಯಾ?"

"ನಾನ್ ಇಕ್ಕಿದ್ದಲ್ಲಕ್ಕಾ, ಡ್ರಾಯಿಂಗಲ್ಲಿತ್ತು."

ಶ್ರೀಧರ್ ಮುಂದೆ ಬಂದರು. "ನೋಡೀಮ್ಮಾ, ಅದೀಗ ಕ್ಯಾನ್ ಅಲ್ಲ. ಪರಂಪರೆ."

"ನಮ್ ತಾತನ ಕಾಲದ್ದಾಗಿದ್ರೆ ಪರಂಪರೆ ಅಂತ ನೀವೇ ಇಟ್ಕೊಳ್ಳಿ ಸಾರ್. ಇದು ಹೋದ ಯುಗಾದಿಲಿ ಡೈರಿಯೋರು ಕೊಟ್ಟಿದ್ದು. ಬಿಚ್ಕೊಡಿ."

"ನೀವು ಎಸೆದಿದ್ದಲ್ಲ, ಬಳಕೆಯಲ್ಲಿದೆ ಅಂತ ಸಾಬೀತು ಮಾಡಿದ್ರೆ ಪರಿಶೀಲಿಸ್ತೀವಿ."

"ಹೆಂಗೆ ಮಾಡೋದು?"

"ಬಳಸಿ ತೋರಿಸ್ಬೇಕು."

"ಬಳಸೋಕೆ ಕ್ಯಾನ್ ಬೇಕಲ್ಲ ಸಾರ್?"

"ಕ್ಯಾನ್ ಬೇಕಂದ್ರೆ ಬಳಸಿ ತೋರಿಸ್ಬೇಕಲ್ಲಮ್ಮ."

ಮುನಿಯಲ್ಲಮ್ಮ ಹಸುವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಸೆರಗು ಸಿಕ್ಕಿಸಿ, ಪಕ್ಕದಲ್ಲಿ ಕೂತಿದ್ದ ಮುದುಕನನ್ನು ಏಳಿಸಿ, ಅವನ ಕ್ರೇಟಿನ ಮೇಲೆ ಹತ್ತಿ, ಬಕೆಟ್ಟಿನ ಹಾಲನ್ನೆಲ್ಲ ಹಸುವಿನ ಬಾಯಿಗೆ ಸುರಿದಳು. "ಗಂಗುಲಪ್ಪಾ! ಬಂದು ಅಳ್ಕೊಳಪ್ಪಾ!"

ಡೈರಿ ಕಾರ್ಯದರ್ಶಿ ಗಂಗುಲಪ್ಪ ಅಳತೆ ಪಾತ್ರೆ ಹಿಡಿದು ಬಂದ. ಬಗ್ಗಿ ಹಸುವಿನ ಹೊಟ್ಟೆ ಓದಿದ. "ನಲವತ್ತೇಳು. ಸರಿಯಾಗಿದೆ. ಕ್ಯಾನ್ ಎಲ್ಲಿರ್ಬೇಕು ಅಂತ ಬೈಲಾದಲ್ಲಿಲ್ಲ."

ಹಾಲು ಹೊರಗೆ ಬರಲು ದಾರಿ ಇರಲಿಲ್ಲವಾಗಿ ಕದಿರೇಶ ಕೆಚ್ಚಲಿನ ಜಾಗದಲ್ಲಿ ನಾಲ್ಕು ನಲ್ಲಿ ಕೂರಿಸಿದ. ಒಂದು ಹಾಲಿಗೆ, ಮೂರು ಪರಂಪರೆಗೆ.

ಶ್ರೀಧರ್ ಸ್ಥಳದಲ್ಲೇ ಆದೇಶ ಬರೆದರು: "ಸದರಿ ಕ್ಯಾನು ಬಳಕೆಯಲ್ಲಿರುವುದು ಕಣ್ಣಾರೆ ದೃಢಪಟ್ಟಿದೆ. ಇರುವಲ್ಲಿಯೇ ಬಳಕೆಯಲ್ಲಿರುವುದರಿಂದ ಹಿಂತಿರುಗಿಸುವ ಅಗತ್ಯ ಕಂಡುಬರುವುದಿಲ್ಲ."

ಆದೇಶ ಎಲ್ಲರಿಗೂ ಅನ್ವಯವಾಯಿತು. ದೊಡ್ಡಗಂಗಮ್ಮನ ಮನವಿಯ ಮೇರೆಗೆ ಗುರಾಣಿಯನ್ನು ಅಡ್ಡಲಾಗಿ ಮಲಗಿಸಲಾಯಿತು. ಯುದ್ಧದ ನಡುವೆ ವೀರ ಊಟಕ್ಕೆ ತಟ್ಟೆ ಹಿಡಿದಂತೆ ಕಾಣುತ್ತಾನೆ, ಆದರೆ ದೋಸೆ ಚೆನ್ನಾಗಿ ಏಳುತ್ತದೆ. ಸೈಕಲಿನ ವೆಂಕಟರಮಣಪ್ಪ ದಿನಾ ಸಂಜೆ ಬಂದು ಮೀಸೆಯ ಬೆಲ್ ಬಾರಿಸಿ ಹೋಗುತ್ತಾನೆ. ಪರದೇಶಗಳಲ್ಲಿ ಇಂಥದ್ದರ ಸುತ್ತ ಹಗ್ಗ ಕಟ್ಟಿ, ಮುಟ್ಟಬಾರದೆಂದು ಬರೆದು, ಟಿಕೆಟ್ ಇಡುತ್ತಾರೆ. ಇಲ್ಲಿನ ಫಲಕದಲ್ಲಿ ಹಾಲು ಕರೆಯುವ ವೇಳೆ ಮಾತ್ರ ಇದೆ.

ಪಶುವೈದ್ಯ ಸಿಬ್ಬಂದಿ ಬಂದು ಶಿಲ್ಪದ ಹಸುವಿನ ಕಿವಿಗೆ ಹಳದಿ ಟ್ಯಾಗ್ ಹಾಕಿ, ಕಾಲುಬಾಯಿ ಜ್ವರದ ಚುಚ್ಚುಮದ್ದು ಕೊಟ್ಟರು. ಎರಡು ಸೂಜಿ ಬಾಗಿದವು. ಹಸು ಶಾಂತ ಸ್ವಭಾವದ್ದು ಎಂದು ಬರೆದುಕೊಂಡರು.

ಡೈರಿಯ ವಾರ್ಷಿಕ ಸಭೆಯಲ್ಲಿ, ಒಂದು ಹೊತ್ತೂ ತಪ್ಪದೆ, ಒಮ್ಮೆಯೂ ಕಾಯಿಲೆ ಬೀಳದೆ ಹಾಲು ಕೊಟ್ಟ ಉತ್ತಮ ಹಸು ಎಂಬ ಬಹುಮಾನ ಶಿಲ್ಪಕ್ಕೆ ಬಂತು. ಅದರ ಪರವಾಗಿ ಮುನಿಯಲ್ಲಮ್ಮ ವೇದಿಕೆ ಹತ್ತಿ, ಹಾರ ಹಾಕಿಸಿಕೊಂಡು, ಹೊಸ ಸ್ಟೀಲ್ ಕ್ಯಾನನ್ನು ಸ್ವೀಕರಿಸಿದಳು.

"ಗಂಗುಲಪ್ಪಾ, ಇನ್ಮೇಲೆ ಇದ್ರಲ್ಲೇ ಡೈರಿಗೆ ತಂದು ಹಾಕ್ತೀನಿ."

"ಅದೆಂಗಾಗುತ್ತಕ್ಕಾ? ನಲವತ್ತೇಳು ಹಸು ಹೆಸರಿಗೆ ಆಗೋಯ್ತು. ಇದಕ್ಕೆ ನಂಬರ್ ಎಲ್ಲಿಂದ ತರ್ಲಿ?"

ಮುನಿಯಲ್ಲಮ್ಮ ಯೋಚಿಸಿ, ಅದೂ ನ್ಯಾಯವೇ ಎಂದಳು. ಈಗ ದಿನಕ್ಕೆ ಎರಡು ಹೊತ್ತು ಮನೆಯ ಹಸುವಿನ ಹಾಲು ಕರೆದು, ಹೊಸ ಕ್ಯಾನಿಗೆ ತುಂಬಿ, ಕೂಡುರಸ್ತೆಗೆ ಒಯ್ದು ಕಬ್ಬಿಣದ ಹಸುವಿನ ಬಾಯಿಗೆ ಸುರಿದು, ಕೆಳಗೆ ಕೂತು ಮತ್ತೊಮ್ಮೆ ಕರೆದುಕೊಡುತ್ತಾಳೆ. ಬಕೆಟ್ಟಿಗಿಂತ ಕ್ಯಾನೇ ವಾಸಿಯಂತೆ, ದಾರಿಯಲ್ಲಿ ಒಂದು ತೊಟ್ಟೂ ಚೆಲ್ಲುವುದಿಲ್ಲ.