ನಮ್ಮ ಗಾಣ ಕಬ್ಬು ವಾಪಸ್ ಕೊಟ್ಟ ದಿನ

ಕೋಳಿಗೂಡು ತೆಗೆದೆ. ಹಾಲು ಕರೆದು ಡೇರಿಗೆ ಹಾಕಿಬಂದೆ. ಅಂಗಳ ಗುಡಿಸಿದೆ. ಯಜಮಾನರ ಎರಡು ಬಿಳಿ ಪಂಚೆಗಳನ್ನು ನೀಲಿ ಹಾಕಿ ಒಗೆದು ಹರವಿದೆ. ಆಲೆಮನೆಯ ಇಂಜಿನ್ನಿಗೆ ಡೀಸೆಲ್ ಹಾಕಿದೆ, ಅದನ್ನೂ ಹಳೇ ಪಂಚೆಯ ತುಂಡಿನಲ್ಲಿ ಸೋಸಿಯೇ ಹಾಕಿದೆ. ಕಬ್ಬಿನ ಹಾಲಿರಲಿ, ಕಾಫಿಯಿರಲಿ, ಸೋಸದೆ ಬಗ್ಗಿಸುವ ಹೆಂಗಸು ನಾನಲ್ಲ! ಅಲ್ಲಿಯವರೆಗೆ ಒಂದು ತಪ್ಪೂ ಮಾಡಿಲ್ಲವೆಂದೇ ನಂಬಿದ್ದೆ.

ಆಲೆಮನೆ ಎಂದರೆ ದೊಡ್ಡದೇನಲ್ಲ. ಮದ್ದೂರು ಕಡೆಯ ಕೊಪ್ಪದ ಹತ್ತಿರ ನಮ್ಮ ಹಿತ್ತಿಲಲ್ಲಿ ಒಂದು ಗಾಣ, ಒಂದು ಕೊಪ್ಪರಿಗೆ, ಗಾಣ ತಿರುಗಿಸಲು ಒಂದು ಡೀಸೆಲ್ ಇಂಜಿನ್ನು. ಅವತ್ತು ಪಕ್ಕದ ಮನೆಯ ಚಿಕ್ಕತಾಯಮ್ಮನ ಸರದಿ. ಮಾರನೇ ದಿನ ಮಳವಳ್ಳಿಯಲ್ಲಿ ಅವಳ ಮೊಮ್ಮಗಳ ನಾಮಕರಣ. ಒಬ್ಬಟ್ಟಿಗೆ ನಮ್ಮನೆ ಕಬ್ಬಿನ ಬೆಲ್ಲವನ್ನೇ ತರುತ್ತೇನೆಂದು ಬೀಗರ ಮುಂದೆ ಹೇಳಿಬಿಟ್ಟಿದ್ದಳು. ಕಬ್ಬು ಕಡಿದೂ ಆಗಿತ್ತು.

ಇಂಜಿನ್ನು ಶುರುವಾಯಿತು. ಸೈಲೆನ್ಸರಿನಿಂದ ಕಾಡಿಗೆಯಂಥ ಹೊಗೆ! ನನ್ನ ಪಂಚೆಗಳು ಕಂಬಳಿಯಾದವು. ಗಾಣ ಐದು ಜಲ್ಲೆ ಕಚ್ಚಿಕೊಂಡು, ಏದುಸಿರು ಬಿಟ್ಟು, ನಿಂತೇ ಹೋಯಿತು.

"ಮದ್ದೂರಿಗೋಗಿ ಮೆಕ್ಯಾನಿಕ್ ಬಾಷಣ್ಣನ್ನ ಕರ್ಕಂಡು ಬತ್ತೀನಿ. ನೀನು ಏನೂ ಮುಟ್ಬ್ಯಾಡ ಕಣಮ್ಮಿ," ಎಂದು ಯಜಮಾನರು ಬೈಕು ಹತ್ತಿದರು.

ಮುಟ್ಟಬೇಡ ಎಂದರು, ಸರಿ. ತಿಳಿದುಕೊಳ್ಳಬೇಡ ಎನ್ನಲಿಲ್ಲವಲ್ಲ! ಪಂಚೆಗಳನ್ನು ಮತ್ತೆ ಒಗೆದೆ. ಈ ಸಲ ಬುದ್ಧಿವಂತಿಕೆಯಿಂದ ಸೈಲೆನ್ಸರಿಗೆ ಬೆನ್ನು ಹಾಕಿ, ಇಂಜಿನ್ನು ಗಾಳಿ ಎಳೆದುಕೊಳ್ಳುವ ಕಡೆ ಹರವಿದೆ. ಆಮೇಲೆ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಕೂತೆ.

ಎಂಥ ಸೊಗಸು! ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಒತ್ತುತ್ತದಂತೆ. ಒತ್ತಿದ ಗಾಳಿ ಕೆಂಡವಾಗುತ್ತದಂತೆ. ಸರಿಯಾಗಿ ಆ ಹೊತ್ತಿಗೆ ಡೀಸೆಲ್ ಬೀಳಬೇಕಂತೆ. ಇದು ಒಗ್ಗರಣೆಯೇ ಅಲ್ಲವೆ? ಎಣ್ಣೆ ಕಾಯುವುದಕ್ಕೂ ಸಾಸಿವೆ ಬೀಳುವುದಕ್ಕೂ ಒಂದು ಗಳಿಗೆ ಇದೆ. ತಡವಾದರೆ ಹೊಗೆ! ಕಾಯಿಲೆ ನನಗೆ ಗೊತ್ತಾಗಿ ಹೋಯಿತು.

ಇಂಜಿನ್ನಿಗೆ ಡೀಸೆಲ್ ತಳ್ಳುವ ಪಂಪಿನ ಅಡಿಯಲ್ಲಿ ಕಾಗದದಂಥ ತಗಡುಗಳಿರುತ್ತವೆ, ಒಂದು ತೆಗೆದರೆ ಡೀಸೆಲ್ ಚೂರು ಬೇಗ ಬೀಳುತ್ತದೆ ಎಂದಿತು ವಿಡಿಯೋ. ನಮ್ಮದರಲ್ಲಿ ಮೂರಿದ್ದವು. ಒಂದು ತೆಗೆದರೇ ಇಷ್ಟು ಲಾಭವಾದರೆ, ಮೂರು ತೆಗೆದರೆ? ಮೂರನ್ನೂ ತೆಗೆದೆ! ಕಳೆದುಹೋಗದಿರಲೆಂದು ಸಾಂಬಾರ ಡಬ್ಬಿಯೊಳಗೆ ಸಾಸಿವೆಯ ಬಟ್ಟಲಲ್ಲಿ ಜೋಪಾನವಾಗಿಟ್ಟೆ.

"ಗೌರಕ್ಕ, ನಿಂಗೆ ಇದೆಲ್ಲ ಗೊತ್ತೇನಕ್ಕ?" ಚಿಕ್ಕತಾಯಮ್ಮ ಹೆದರಿದಳು. "ನಾಳೆ ಬರೀ ಕೈಲಿ ಹೋದ್ರೆ ಬೀಗ್ತಿ ನನ್ನ ಸುಮ್ಕೆ ಬುಡಾಕಿಲ್ಲ."

"ಒಗ್ಗರಣೆ ಗೊತ್ತಿರೋಳಿಗೆ ಇದು ಗೊತ್ತಾಗಾಕಿಲ್ವ? ಹಿಡಿ ಹ್ಯಾಂಡಲ್ಲ!"

ಇಬ್ಬರೂ ಸೇರಿ ತಿರುವಿದೆವು. ಧಡ್! ಹ್ಯಾಂಡಲ್ ನಮ್ಮ ಕೈ ಕೊಸರಿಕೊಂಡು ತಿಪ್ಪೆಗೆ ಹಾರಿತು. ಆದರೆ ಇಂಜಿನ್ನು ಓಡುತ್ತಿತ್ತು! ಸೈಲೆನ್ಸರಿನಲ್ಲಿ ಹೊಗೆಯ ಸುಳಿವೂ ಇರಲಿಲ್ಲ. ನಾನು ಸೆರಗು ಸಿಕ್ಕಿಸಿ ಬೀಗಿದೆ.

ಚಿಕ್ಕತಾಯಮ್ಮ ಗಾಣದ ಬಾಯಿಗೆ ಒಂದು ಜಲ್ಲೆ ಕೊಟ್ಟಳು. ಗಾಣ ಬೇಡವೆಂದಿತು. ಅಷ್ಟೇ ಅಲ್ಲ, ಬೆಳಗ್ಗೆ ಕಚ್ಚಿಕೊಂಡಿದ್ದ ಐದೂ ಜಲ್ಲೆಗಳನ್ನು ಒಂದೊಂದಾಗಿ ಅವಳ ಮಡಿಲಿಗೆ ಉಗುಳಿತು.

"ಅಯ್ಯೋ ಗೌರಕ್ಕಾ, ನಿನ್ ಗಾಣ ನನ್ ಕಬ್ಬ ವಾಪಸ್ ಕೊಡ್ತಾ ಅದಲ್ಲಕ್ಕೋ!"

ಇಂಜಿನ್ನು ಹಿಂದುಮುಂದಾಗಿ ಓಡುತ್ತಿತ್ತು! ಗಾಳಿ ಎಳೆಯಬೇಕಾದ ಕಡೆಯಿಂದ ಹೊಗೆ ಬರುತ್ತಿತ್ತು, ನೇರವಾಗಿ ಪಂಚೆಗಳ ಮೇಲೆ. ನಿಲ್ಲಿಸುವ ಹಿಡಿ ಆ ಹೊಗೆಯೊಳಗೆಲ್ಲೋ ಮುಳುಗಿತ್ತು. ಅಷ್ಟರಲ್ಲೂ ನನ್ನ ತಲೆ ಓಡಿತು: ಹೊಗೆ ಇಲ್ಲಿ ಬಂದರೆ, ಉಸಿರು ಸೈಲೆನ್ಸರಿನಲ್ಲಿರಬೇಕು! ಒದ್ದೆ ಪಂಚೆಯೊಂದನ್ನು ಎಳೆದು ಸೈಲೆನ್ಸರಿನ ಬಾಯಿಗೆ ತುರುಕಿದೆ. ಅರ್ಧ ಪಂಚೆ ಒಳಗೆ ಹೋಯಿತು. ಇಂಜಿನ್ನು ಸತ್ತಿತು.

ಸರಿಯಾಗಿ ಆಗಲೇ ಬೈಕು ಬಂತು. ಬಾಷಣ್ಣ ಪಂಪು ಬಿಚ್ಚಿ ನೋಡಿದ.

"ಡೀಸೆಲ್ ತೀರಾ ಬೇಗ ಬಿದ್ದು, ಪಿಸ್ಟನ್ ಮ್ಯಾಲೆ ಬರೋದ್ರೊಳಗೆ ಹಿಂದಕ್ಕೆ ಒದ್ದದೆ. ಅಕ್ಕಾ, ತಗಡೆಲ್ಲಿ?"

"ಸಾಸಿವೇಲಿ."

ಯಜಮಾನರು ಆಕಾಶ ನೋಡಿದರು.

ತಗಡುಗಳನ್ನು ಮೊದಲಿನಂತೆ ಕೂರಿಸಿ, ಬಾಷಣ್ಣ ಡೀಸೆಲ್ ಚಿಮ್ಮುವ ನಾಸಲ್ ಬಿಚ್ಚಿ ಹೊರಗೆ ಹಿಡಿದು ತೋರಿಸಿದ. ಮಗುವಿನ ಜೊಲ್ಲಿನಂತೆ ತೊಟ್ಟಿಕ್ಕಿತು. "ಹನಿ ಬಿದ್ರೆ ಸರಿಯಾಗಿ ಉರಿಯಲ್ಲ ಅಕ್ಕಾ, ಹೊಗೆಯಾಗ್ತದೆ. ಮಂಜಿನಂಗೆ ಬೀಳಬೇಕು." ಹರಿದ ಫಿಲ್ಟರಿನಿಂದಲೂ ನಾಸಲಿನಿಂದಲೂ ಬಿಳಿ ಎಳೆಗಳನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡ. "ಇದ್ಯಾವ ಬಟ್ಟೆ?"

ನಾನು ಗುರುತು ಹಿಡಿದೆ. ಯಜಮಾನರೂ ಗುರುತು ಹಿಡಿದರು.

ಬಾಷಣ್ಣ ತೊಳೆದು, ಸ್ಕ್ರೂ ಬಿಗಿದು ಒತ್ತಡ ಸರಿಮಾಡಿದ. ಆಹಾ, ಈಗ ಮಾಗಿಯ ಮಂಜು! ಮುಟ್ಟಿ ನೋಡೋಣವೆಂದು ಕೈ ಚಾಚಿದೆ.

"ಅಕ್ಕಾ! ಚರ್ಮದೊಳಕ್ಕೆ ನುಗ್ತದೆ!"

ಕೈ ಹಿಂದಕ್ಕೆ ತೆಗೆದುಕೊಂಡೆ. ಆ ದಿನ ನಾನು ಕೇಳಿದ ಮೊದಲ ಮಾತು ಅದೇ.

ಸೈಲೆನ್ಸರಿನಿಂದ ಪಂಚೆ ಎಳೆದು ಹಾಕಿದ ಮೇಲೆ ಇಂಜಿನ್ನು ಸರಿಯಾಗಿ ಓಡಿ, ಸಂಜೆಯ ಹೊತ್ತಿಗೆ ಬೆಲ್ಲ ಇಳಿಯಿತು. ಚಿಕ್ಕತಾಯಮ್ಮ ಹೊಂಬಣ್ಣದ ಅಚ್ಚುಗಳನ್ನು ಬುಟ್ಟಿಗೆ ತುಂಬಿಕೊಂಡು, ಬಿಸಿ ಬೆಲ್ಲದ ಉಂಡೆಯೊಂದನ್ನು ನನ್ನ ಬಾಯಿಗಿಟ್ಟು, "ಇನ್ನು ಮಾತಾಡ್ಬ್ಯಾಡ ಸುಮ್ಕಿರು," ಎಂದು ಹೋದಳು.

ರಾತ್ರಿಗೆ ಮುದ್ದೆ, ಹುರುಳಿಕಾಳು ಸಾರು. ಯಜಮಾನರು ಒಂದು ತುತ್ತು ನುಂಗಿ ನಿಧಾನಕ್ಕೆ ತಲೆಯೆತ್ತಿದರು.

"ಅಮ್ಮಿ, ಒಗ್ಗರಣೇಲಿ ಡೀಸೆಲ್ ವಾಸ್ನೆ ಬತ್ತಾ ಅದೆ."

"ಸಾಸಿವೆ ಮಾತ್ರ ಸರಿಯಾದ ಹೊತ್ತಿಗೆ ಬಿದ್ದದೆ," ಎಂದೆ.

ಅವರು ಎರಡನೇ ಮುದ್ದೆ ಕೇಳಲಿಲ್ಲ. ಉಡಲು ಪಂಚೆಯಿಲ್ಲದೆ, ನನ್ನ ಹಳೇ ಹೂವಿನ ಸೀರೆ ಸುತ್ತಿಕೊಂಡು ಅವರೇ ಮೊದಲು ಮಲಗಿದರು.