ಸೌನಾದೊಳಗೆ ಇಬ್ಬರು ಅಯ್ಯನೋರು

ಉಪವಾಸದ ಮಹಿಮೆಯನ್ನು ನಾನು ಹೇಳಿದಷ್ಟು ಸೊಗಸಾಗಿ ಮಹಾರಾಷ್ಟ್ರದ ಗಡಿಯ ಈ ಉಮರ್ಗಾ ತಾಲೂಕಿನಲ್ಲಿ ಇನ್ನೊಬ್ಬರು ಹೇಳಲಾರರು. ಯಾವಾಗಲೂ ಊಟವಾದ ಮೇಲೆಯೇ ಹೇಳುವುದರಿಂದ ದನಿಯಲ್ಲಿ ಬಲವಿರುತ್ತದೆ. ನಮ್ಮದು ಅಯ್ಯನೋರ ಮನೆತನ. ಮದುವೆ, ವಾಸ್ತುಶಾಂತಿ, ಅಂಗಡಿ ಪೂಜೆ ಎಂದು ಭಕ್ತರ ಮನೆಗಳಿಗೆ ಹೋಗುವುದು, ಚಕ್ಕಳಮಕ್ಕಳ ಹಾಕಿ ಮೂರು ತಾಸು ಮಂತ್ರ ಹೇಳುವುದು, ಆಮೇಲೆ ಅದೇ ಭಂಗಿಯಲ್ಲಿ ಹೋಳಿಗೆಗೆ ಕೂರುವುದು. ಮೂವತ್ತು ವರ್ಷ ಇದನ್ನೇ ಮಾಡಿದ್ದೇನೆ. ಹೋಳಿಗೆ ಹೊಟ್ಟೆಯಲ್ಲಿ ಉಳಿಯಿತು, ಕೂತದ್ದು ಮೊಣಕಾಲಿನಲ್ಲಿ ಉಳಿಯಿತು. ಈಚೀಚೆಗೆ ಪೂಜೆ ಮುಗಿಸಿ ಏಳುವಾಗ ಶಿವನೊಬ್ಬನನ್ನು ಕರೆದರೆ ಸಾಲುತ್ತಿರಲಿಲ್ಲ. ರಟ್ಟೆ ಹಿಡಿದು ಎತ್ತಲು ಮನೆಯ ಯಜಮಾನನನ್ನೂ ಕರೆಯಬೇಕಾಗುತ್ತಿತ್ತು.

ಹೀಗಿರುವಾಗ ಯೆಣೆಗೂರಿನ ನಮ್ಮ ಭಕ್ತರ ಮಗಳು ಸುಷ್ಮಾ ಉಮರ್ಗಾದಲ್ಲಿ ಕೀಲುನೋವಿನ ದವಾಖಾನೆ ತೆರೆದಳು. ಅದರ ಹಿಂದಿನ ಕೋಣೆಯಲ್ಲಿ ಸೌನಾ ಎಂಬುದನ್ನು ಕೂರಿಸಿದಳು. ಪೂಜೆಗೆ ನನ್ನನ್ನೇ ಕರೆದಿದ್ದಳು. ಒಳಗೆ ಹೋಗಿ ನೋಡಿದರೆ ಗೋಡೆ, ಸೂರು, ನೆಲ ಎಲ್ಲಾ ಕಟ್ಟಿಗೆ. ಒಂದರ ಮೇಲೊಂದು ಮೆಟ್ಟಿಲಿನಂಥ ಎರಡು ಬೆಂಚು. ಮೂಲೆಯಲ್ಲಿ ಕರೆಂಟಿನ ಒಲೆ, ಒಲೆಯ ಮೇಲೆ ಒಂದು ರಾಶಿ ಕಲ್ಲು. ಕಲ್ಲು ಕಂಡ ಕೂಡಲೇ ಕೈ ರೂಢಿಯಂತೆ ವಿಭೂತಿ ಹಚ್ಚಿ, ಹೂವು ಏರಿಸಿಬಿಟ್ಟಿತು. ಸುಷ್ಮಾ ನಗು ತಡೆದುಕೊಂಡು, "ಅಯ್ಯನೋರ, ಅವು ದೇವರಲ್ರಿ. ಕಾಯೂ ಕಲ್ಲು" ಎಂದಳು. "ಕಾಯುವವನೇ ದೇವರು ತಂಗಿ" ಎಂದು ಸಾವರಿಸಿಕೊಂಡೆ. ಈ ಕಸುಬಿನಲ್ಲಿ ನಾಲಿಗೆ ಮೊಣಕಾಲಿಗಿಂತ ಚುರುಕಾಗಿರಬೇಕು.

ನಾನು ಏಳುವ ಪಡಿಪಾಟಲನ್ನು ಆಕೆ ಅಂದೇ ಕಂಡಳು. "ವಾರದಾಗ ಎರಡ ಸಲ ಬಂದು ಇದರಾಗ ಕುಂದರ್ರಿ. ಬಿಸಿಗಿ ರಕ್ತನಾಳ ಸಡಲ ಆಗ್ತಾವ, ಬಿಗದ ಕೀಲು ಹಗೂರ ಆಗ್ತಾವ, ನಿದ್ದಿ ಛಲೋ ಬರ್ತದ. ಆದರ ಒಂದಿನ ಕುಂತು ಬಿಟ್ರ ಉಪೇಗಿಲ್ಲ, ರೂಢಿ ಇರಬೇಕು. ಬೀಪಿ ಗುಳಿಗಿ ಬಿಡೂ ಹಂಗಿಲ್ಲ. ತುಂಬಿದ ಹೊಟ್ಟಿಲೆ ಬರೂದಿಲ್ಲ, ಉಪಾಸನೂ ಬರೂದಿಲ್ಲ. ನೀರು ಕುಡದು ಬರ್ರಿ. ಹತ್ತ ಮಿನಿಟಿಗಿ ಎದ್ದು ಹೊರಗ. ತಲಿ ತಿರಗಿ ಚಕ್ಕರ್ ಬಂದಂಗ ಆದ್ರ ಅದಕ್ಕೂ ಮೊದಲೇ ಹೊರಗ."

ಮನೆಗೆ ಬಂದು ಹೆಂಡತಿ ನೀಲಮ್ಮನಿಗೆ ಹೇಳಿದೆ. ಹೊರಗೆ ಏಪ್ರಿಲ್ ತಿಂಗಳ ಬಿಸಿಲು. ಸಿಂಟೆಕ್ಸಿನ ನೀರಿನಲ್ಲಿ ಕೈ ಇಟ್ಟರೆ ಸುಡುವ ಹೊತ್ತು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೆವರಲಿಕ್ಕ ಅಲ್ಲೀತನ ಯಾಕ ಹೋಗ್ತೀರಿ? ಮಾಳಗಿ ಮ್ಯಾಲ ಶಾಂಡಿಗಿ ಒಣಹಾಕೀನಿ. ಬಾಜೂಕ ಕುಂದರ್ರಿ. ಕಾಗಿನೂ ಹೊಡದಂಗ ಆಗ್ತದ" ಎಂದಳು.

ಆದರೂ ಹೋದೆ. ಮೊದಲನೆಯ ದಿನ ಒಂದು ಪಾಠವಾಯಿತು. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇತ್ತು. ಮೂರೇ ಮಿನಿಟಿಗೆ ಅದು ಕಾದು ಎದೆಗೆ ಚುರುಕ್ಕೆನಿಸಿತು. ಮುಂದಿನ ಸಲದಿಂದ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕೆಳಗಿನ ಬೆಂಚಿನ ಮೇಲೆ ಕೂರತೊಡಗಿದೆ. ಬಿಸಿ ಮೇಲಕ್ಕೇರುವುದರಿಂದ ಮೇಲಿನ ಬೆಂಚು ಪಳಗಿದವರಿಗೆ ಮಾತ್ರ. ಸುಳ್ಳು ಹೇಳಬಾರದು, ತಿಂಗಳೊಳಗೆ ಗುಣ ಕಂಡಿತು. ಬೆಳಿಗ್ಗೆ ಎದ್ದಾಗ ಕಾಲು ನನ್ನದೇ ಅನಿಸತೊಡಗಿತು. ನಿದ್ದೆ ಎಷ್ಟು ಗಾಢವಾಯಿತೆಂದರೆ ನನ್ನ ಗೊರಕೆಗೆ ನೀಲಮ್ಮನ ನಿದ್ದೆ ಹೋಯಿತು. ಅಷ್ಟು ಸಾಕಾಯಿತು ನನಗೆ. ಉಪವಾಸದ ಜಾಗಕ್ಕೆ ಸೌನಾ ಬಂತು. ಲಗ್ನದ ಮಂಟಪದಲ್ಲಿ ವಧುವಿನ ತಂದೆಯನ್ನು ಹಿಡಿದು ರಕ್ತನಾಳದ ವಿಚಾರ ಹೇಳಿದೆ. ಒಮ್ಮೆಯಂತೂ ಅಕ್ಷತೆ ಹಿಡಿದು ನಿಂತ ಬೀಗರಿಗೆ ಹೇಳುತ್ತ ಹೇಳುತ್ತ ಮುಹೂರ್ತವನ್ನೇ ಮರೆತಿದ್ದೆ. "ಮಹಾರಾಜ, ಆತಾ ಪುರೇ!" ಎಂದು ಯಾರೋ ಮರಾಠಿಯಲ್ಲಿ ಕೂಗಿ ಸಾಕು ಮಾಡಿಸಿದರು.

ಈ ಪ್ರಚಾರ ಪಕ್ಕದೂರು ತುರೋರಿಗೂ ಮುಟ್ಟಿತು. ತುರೋರಿಯಲ್ಲಿ ಗುರುಪಾದಯ್ಯ ಇದ್ದಾನೆ. ನನ್ನ ದೊಡ್ಡಪ್ಪನ ಮಗ, ನನಗಿಂತ ನಾಲ್ಕು ವರ್ಷಕ್ಕೆ ಹಿರಿಯ, ಅವನೂ ಇದೇ ಕಸುಬಿನವ. ನಮ್ಮಿಬ್ಬರ ನಡುವೆ ಏಳು ವರ್ಷ ಮಾತಿರಲಿಲ್ಲ. ಕಾರಣ ನಿಲಂಗಾದ ಒಂದು ವಾಸ್ತುಶಾಂತಿ. ಮನೆಯ ಅಪ್ಪ ನನ್ನನ್ನು ಕರೆದಿದ್ದ. ಮಗ, ಅಪ್ಪನಿಗೆ ಹೇಳದೆ, ಗುರುಪಾದಯ್ಯನನ್ನು ಕರೆದಿದ್ದ. ಇಬ್ಬರೂ ಹೋದೆವು. ಇದ್ದದ್ದು ಒಂದೇ ಮಣೆ. "ನಾ ಹಿರ್ಯಾ" ಎಂದ ಅವನು. "ನನಗ ಮೊದಲ ಹೇಳ್ಯಾರ" ಎಂದೆ ನಾನು. ಕೊನೆಗೆ ಕಲಶದ ಆಚೆಗೊಬ್ಬ ಈಚೆಗೊಬ್ಬ ನಿಂತು, ಇಬ್ಬರೂ ಒಟ್ಟಿಗೆ, ಬೇರೆ ಬೇರೆ ಮಂತ್ರ ಹೇಳಿದೆವು. ಆ ಮನೆಯವರು ಅಂದಿನಿಂದ ಉದಗೀರದ ಅಯ್ಯನೋರನ್ನು ಕರೆಸುತ್ತಾರೆ. ನಾವಿಬ್ಬರು ಎಲ್ಲಾದರೂ ಒಂದೇ ಬಸ್ಸಿನಲ್ಲಿ ಸಿಕ್ಕರೆ ಒಬ್ಬ ಎಡಕಿಟಕಿ, ಒಬ್ಬ ಬಲಕಿಟಕಿ ನೋಡುತ್ತ ಊರು ಸೇರುತ್ತಿದ್ದೆವು.

ಒಂದು ಮಂಗಳವಾರ ಬೆಳಿಗ್ಗೆ ಸೌನಾದ ಬಾಗಿಲು ತೆರೆದೆ. ಮೇಲಿನ ಬೆಂಚಿನ ಮೇಲೆ ಪಂಚೆ ಸುತ್ತಿಕೊಂಡು ಗುರುಪಾದಯ್ಯ ಕೂತಿದ್ದ. ಹಿಂದೆ ಸರಿಯುವುದು ಆಗದ ಮಾತು. ಅವನ ಕಾಲ ಬಳಿ ಕೆಳಗಿನ ಬೆಂಚಿನಲ್ಲಿ ಕೂರುವುದಂತೂ ನಮ್ಮ ಅಪ್ಪ ಎದ್ದು ಬಂದು ಹೇಳಿದರೂ ಆಗದು. ನಾನೂ ಮೇಲೆ ಹತ್ತಿ ಅವನ ಪಕ್ಕದಲ್ಲೇ ಕೂತೆ. ಅಲ್ಲಿಯ ಬಿಸಿ ಬೇರೆಯೇ ಜಾತಿಯದು. ಕಿವಿಯ ಹಾಲೆ ಹಪ್ಪಳದಂತೆ ಸುಟ್ಟುಕೊಂಡಿತು. ಗೋಡೆಯ ಮೇಲೆ ಉಸುಕಿನ ಗಡಿಯಾರ ಇತ್ತು. ಉಸುಕು ಪೂರಾ ಇಳಿದಾಗ ಹತ್ತು ಮಿನಿಟು. ಉಸುಕು ಇಳಿಯಿತು. ಅವನು ಏಳಲಿಲ್ಲ. ಕೈ ಚಾಚಿ ಗಡಿಯಾರವನ್ನು ತಿರುಗಿಸಿಟ್ಟ. ಸರಿ, ನಾನೂ ಏಳಲಿಲ್ಲ. ಮೊದಲು ಎದ್ದವನು ಕಿರಿಯ, ನಿಲಂಗಾದ ಮಣೆ ಕೂತವನದು ಎಂದು ಇಬ್ಬರಿಗೂ ಮಾತಿಲ್ಲದೆ ಗೊತ್ತಾಗಿತ್ತು.

ಎರಡನೆಯ ಸುತ್ತಿನ ಉಸುಕು ಅರ್ಧ ಇಳಿದಿರಬೇಕು. ಅವನ ತುಟಿ ಅಲುಗುತ್ತಿತ್ತು. ಮಂತ್ರ ಜಪಿಸಿ ನನ್ನನ್ನು ಸೋಲಿಸುತ್ತಿದ್ದಾನೆ ಎಂದು ನಾನೂ ಪಂಚಾಕ್ಷರಿ ಹಿಡಿದೆ. ಸ್ವಲ್ಪ ಹೊತ್ತಿಗೆ ಕಿವಿಗೆ ಬಿತ್ತು. ಅದು ಮಂತ್ರವಾಗಿರಲಿಲ್ಲ. "ತಮ್ಮಾ... ಬಾಗಲಾ ತಗಿಯೋ."

ಇಲ್ಲೊಂದು ಮಾತು ನಿಮ್ಮ ಕಿವಿಯಲ್ಲಿ ಹೇಳಬೇಕು. ಏಳು ವರ್ಷದ ಮೇಲೆ ಅವನು ತಮ್ಮಾ ಎಂದು ಕರೆದಿದ್ದ. ನಾನು ಕೂಡಲೇ ಎದ್ದೆನೇ? ಇಲ್ಲ. ಎರಡು ಉಸಿರು ಎಳೆಯುವಷ್ಟು ಹೊತ್ತು ಕೂತೇ ಇದ್ದೆ. ಗೆದ್ದೆ ಎಂದುಕೊಂಡೆ. ಇನ್ನೊಮ್ಮೆ ಕೇಳಲಿ ಎಂದುಕೊಂಡೆ. ಅವನು ಇನ್ನೊಮ್ಮೆ ಕೇಳಲಿಲ್ಲ. ಜೋಳದ ಚೀಲ ಜಾರಿದಂತೆ ನನ್ನ ತೊಡೆಯ ಮೇಲೆ ಒರಗಿದ. ಮೈ ಬೆಂಕಿ, ಮುಖ ಬಿಳುಚಿತ್ತು. ಆಗ ನನಗೆ ಮಣೆಯೂ ನೆನಪಿಲ್ಲ, ಮೊಣಕಾಲೂ ನೆನಪಿಲ್ಲ. "ಅಣ್ಣಾ! ಏ ಅಣ್ಣಾ!" ಎಂದು ಒದರುತ್ತ ಬಗಲಿಗೆ ಕೈಹಾಕಿ ಎಳೆದೆ. ಹೆಗಲಿನಿಂದ ಬಾಗಿಲು ನೂಕಿ ಹೊರಗೆ ತಂದೆ. ತಂದದ್ದೇನೋ ಖರೆ, ಅವನ ಪಕ್ಕದಲ್ಲಿ ನಾನೂ ಬಿದ್ದೆ.

ಸುಷ್ಮಾ ಓಡಿಬಂದಳು. ನಮ್ಮಿಬ್ಬರ ಕಾಲನ್ನೂ ಕುರ್ಚಿಯ ಮೇಲೆ ಎತ್ತಿಟ್ಟಳು, ತಲೆಗೆ ಒದ್ದೆ ಬಟ್ಟೆ ಹಾಕಿದಳು, ಬೀಪಿ ನೋಡಿದಳು. ಅಣ್ಣ ಕಣ್ಣು ಬಿಟ್ಟು ಮಾತಾಡಿದ ಮೇಲೆ ಚೂರುಚೂರೇ ಉಪ್ಪು-ಲಿಂಬಿಯ ನೀರು ಕುಡಿಸುತ್ತ ಬೈಗುಳ ಶುರುಮಾಡಿದಳು. "ಬಾಯಿಲೆ ಊರಿಗೆಲ್ಲಾ ಬುದ್ಧಿ ಹೇಳ್ತೀರಿ. ಹತ್ತ ಮಿನಿಟ ಅಂದ್ರ ಹತ್ತ ಮಿನಿಟ ತಿಳಿಯಲ್ಲೇನ್ರಿ? ಗುರುಪಾದಯ್ಯನೋರ, ನಾಷ್ಟಾ ಮಾಡೀರೇನ್ರಿ?"

"ಇಲ್ಲವಾ" ಎಂದ ಅಣ್ಣ ಸಣ್ಣ ದನಿಯಲ್ಲಿ. "ನೀರೂ ಕುಡದಿಲ್ಲ."

ಆಕೆ ದೊಡ್ಡ ಡಾಕ್ಟರಿಗೆ ಫೋನ್ ಮಾಡಲು ಹೋದಳು. ನಾವಿಬ್ಬರು ನೆಲದ ಮೇಲೆ ತಲೆಗೆ ತಲೆ ಕೊಟ್ಟು, ಕಾಲು ಮೇಲೆ ಮಾಡಿ ಸೂರು ನೋಡುತ್ತ ಬಿದ್ದಿದ್ದೆವು.

"ಚಕ್ಕರ್ ಬಂತಂದ್ರ ಯಾಕ ಏಳ್ಲಿಲ್ಲೋ ಅಣ್ಣಾ?" ಎಂದೆ.

"ನೀ ಏಳ್ಲಿ ಅಂತ."

"ನಾನೂ ಅದಕ್ಕೇ ಕುಂತಿದ್ದೆ."

ಅವನು ತಲೆಯ ಒದ್ದೆ ಬಟ್ಟೆ ಸರಿಸಿಕೊಂಡ. ಆಮೇಲೆ, "ನಿಲಂಗಾದವರು ಮೊನ್ನಿ ಕೂಸಿನ ತೊಟ್ಟಿಲಕ್ಕೂ ಉದಗೀರದಂವಗೇ ಕರದಾರ" ಎಂದ. ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ನಗಲು ಆರಂಭಿಸಿದ ಮೇಲೆ ಕುರ್ಚಿಗಳು ಅಲುಗಾಡಿ, ಸುಷ್ಮಾ ಫೋನ್ ಕೆಳಗಿಟ್ಟು ಮತ್ತೆ ಓಡಿಬಂದಳು.

ದೊಡ್ಡ ಡಾಕ್ಟರು ನೋಡಿ, ಅಣ್ಣನಿಗೆ ಬೀಪಿ ಗುಳಿಗೆ ಬದಲಿಸಿಕೊಟ್ಟು, ತಿಂಗಳಾದ ಮೇಲೆ ಐದೈದು ಮಿನಿಟು ಕೂರಬಹುದು ಎಂದರು. ಈಗ ಮಂಗಳವಾರ ಅವನು ತುರೋರಿಯಿಂದ ಬರುತ್ತಾನೆ. ಮೊದಲು ನಮ್ಮ ಮನೆಯಲ್ಲಿ ಚುರುಮುರಿ ಸುಸಲಾದ ನಾಷ್ಟಾ, ಆಮೇಲೆ ಒಟ್ಟಿಗೆ ಸೌನಾ. ನೀಲಮ್ಮನಿಗೆ ಎಲ್ಲವನ್ನೂ ಹೇಳಿದ್ದೇನೆ, ಆ ಎರಡು ಉಸಿರಿನ ಮಾತನ್ನೂ. "ಅವರಿಗಿ ಹೇಳಿರೇನು?" ಎಂದು ಕೇಳಿದಳು. ಹೇಳುತ್ತೇನೆ ಎಂದೆ. ಪ್ರತಿ ಮಂಗಳವಾರ ಹೇಳಬೇಕೆಂದೇ ಹೋಗುತ್ತೇನೆ. ಆದರೆ ಅವನು ಹೋದಲ್ಲೆಲ್ಲಾ, ಲಗ್ನದ ಮಂಟಪದಲ್ಲೂ, ನನ್ನ ಹೆಗಲ ಮೇಲೆ ಕೈಹಾಕಿ ಶುರುಮಾಡುತ್ತಾನೆ: "ನಮ್ಮ ತಮ್ಮ ನೋಡ್ರಿ, ಬಾಗಲಾ ತಗಿ ಅನ್ನೂದ್ರಾಗ ನನಗ ಎತಗೊಂಡು ಹೊರಗ ಬಂದಾನ!" ಮಂದಿಯೆಲ್ಲ ನನ್ನತ್ತ ತಿರುಗುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಎಷ್ಟು ವಿನಯ ನೋಡಿ ಅಯ್ಯನೋರಿಗೆ ಎಂದು ಅವರು ಕೈಮುಗಿಯುತ್ತಾರೆ.